ಮಾವನವರ ಅಂಗಳದಿಂದ ಅಗೆದು ತಂದ ಜುನಿಪರ್: ಸೊಪ್ಪು ಕತ್ತರಿಸಬೇಕೇ, ಬೇಡವೇ?

ಪ್ರಶ್ನೆ: ತಾರಸಿವಾಸಿ, ಹನುಮಂತನಗರ (ಏಪ್ರಿಲ್ 14)

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿರುವ ನಮ್ಮ ಮಾವನವರ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಕೆಲಸ ಮಾರ್ಚ್ ಮೊದಲ ವಾರದಲ್ಲಿ ಆರಂಭವಾಯಿತು. ಗೇಟಿನ ಪಕ್ಕದಲ್ಲಿ, ಕಾಂಪೌಂಡ್ ಗೋಡೆಗೆ ಒಂದೂವರೆ ಅಡಿ ದೂರದಲ್ಲಿ, ಅವರು ಸುಮಾರು ಮೂವತ್ತು ವರ್ಷಗಳ ಹಿಂದೆ ನೆಟ್ಟಿದ್ದ, ಸೈಪ್ರೆಸ್ ಬಳಗದ ಸದಾ ಹಸಿರಾಗಿರುವ ಜುನಿಪರ್ ಗಿಡವೊಂದಿತ್ತು. ತಿಂಗಳಿಗೊಮ್ಮೆ ಬರುವ ಮಾಲಿಯು ಅದನ್ನು ಚೆಂಡಿನ ಆಕಾರಕ್ಕೆ ಕತ್ತರಿಸುತ್ತ ಬಂದಿದ್ದರಿಂದ ಎತ್ತರ ನಾಲ್ಕು ಅಡಿ ದಾಟಿರಲಿಲ್ಲ. ಆದರೆ ಸೊಪ್ಪನ್ನು ಸರಿಸಿ ನೋಡಿದಾಗ ಬುಡದಲ್ಲಿ 28 ಸೆಂಟಿಮೀಟರ್ ಸುತ್ತಳತೆಯ, ಎರಡು ಕಡೆ ತಿರುಚಿಕೊಂಡ ಕಾಂಡ ಕಂಡಿತು. ಇಂಥದ್ದನ್ನು ಜೆಸಿಬಿಯ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ.

ಗುತ್ತಿಗೆದಾರರು ಎರಡೇ ದಿನದ ಅವಕಾಶ ಕೊಟ್ಟರು. ಸುತ್ತ ಗುಂಡಿ ತೋಡಿ, ಸುಮಾರು 45 ಸೆಂಟಿಮೀಟರ್ ಅಗಲ ಮತ್ತು 25 ಸೆಂಟಿಮೀಟರ್ ಆಳದ ಮಣ್ಣಿನ ಮುದ್ದೆಯೊಂದಿಗೆ ಎತ್ತಿ, ಗೋಣಿಚೀಲದಲ್ಲಿ ಬಿಗಿದು ತಂದೆವು. ಗೋಡೆಯ ಕಡೆಯ ದಪ್ಪ ಬೇರೊಂದು ಪಾಯದ ಕಲ್ಲಿನ ಅಡಿಗೆ ಹೋಗಿತ್ತು. ಅದನ್ನು ಹಾರೆಯಿಂದ ಕಡಿಯದೆ ಬೇರೆ ದಾರಿ ಇರಲಿಲ್ಲ. ಈಗ ಗಿಡವು ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಇದೆ. ಸುತ್ತಲಿನ ಖಾಲಿ ಜಾಗಕ್ಕೆ ಸಿದ್ದಾಪುರದ ನರ್ಸರಿಯೊಂದರಿಂದ ತಂದ ಕೆಮ್ಮಣ್ಣು, ಮರಳು, ಗೊಬ್ಬರದ ಮಿಶ್ರಣವನ್ನು ತುಂಬಿದ್ದೇನೆ.

ಆರು ವಾರ ಕಳೆದಿದೆ. ಗಿಡ ಹಸಿರಾಗಿಯೇ ಇದೆಯಾದರೂ ಎಡಗಡೆಯ ಕೆಳಗಿನ ಕೊಂಬೆಯ ಸೊಪ್ಪು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಬೇರು ಹೋದಷ್ಟು ಸೊಪ್ಪೂ ಹೋಗಬೇಕು, ಅರ್ಧಕ್ಕರ್ಧ ಕತ್ತರಿಸಿ ಎಂದು ಮಾಲಿ ಹೇಳುತ್ತಾನೆ. ಮೂವತ್ತು ವರ್ಷ ಅದನ್ನು ನೋಡಿಕೊಂಡವನ ಮಾತನ್ನು ತಳ್ಳಿಹಾಕುವುದೂ ಕಷ್ಟ. ಮುಂದಿನ ವರ್ಷದ ಶ್ರಾವಣದಲ್ಲಿ ಗೃಹಪ್ರವೇಶ ಮಾಡಬೇಕೆಂಬ ಯೋಚನೆ ಇದೆ. ಅಷ್ಟರೊಳಗೆ ಇದನ್ನು ಬೋನ್ಸಾಯ್ ಮಾಡಿ ಹೊಸ ಮನೆಯ ಹಜಾರದಲ್ಲಿ ಇಡಬೇಕೆಂಬುದು ಮಾವನವರ ಆಸೆ. ಸೊಪ್ಪು ಕತ್ತರಿಸಲೇ? ಆಕಾರ ಕೊಡಲು ಕೊಂಬೆಗಳಿಗೆ ತಂತಿ ಸುತ್ತುವುದನ್ನು ಯಾವಾಗ ಆರಂಭಿಸಬಹುದು?

ಉತ್ತರ: ಕೆಮ್ಮಣ್ಣು, ಮಲ್ಲೇಶ್ವರ (ಏಪ್ರಿಲ್ 14)

ದಯವಿಟ್ಟು ಕತ್ತರಿಯನ್ನು ಕೆಳಗಿಡಿ. ನಿಮ್ಮ ಮಾಲಿ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಗಿಡದ ಲೆಕ್ಕ. ನಮ್ಮ ಊರಿನಲ್ಲಿ ಬೋನ್ಸಾಯ್ ಕಲಿತವರೆಲ್ಲರೂ ಆಲ, ಅರಳಿ, ಅತ್ತಿ, ಗೋಳಿಗಳ ಮೇಲೆ ಕೈ ಪಳಗಿಸಿಕೊಂಡವರು. ಆ ಜಾತಿಯ ಮರಗಳು ತಮ್ಮ ಶಕ್ತಿಯನ್ನು ಬೇರಿನಲ್ಲಿಯೂ ಕಾಂಡದಲ್ಲಿಯೂ ಕೂಡಿಟ್ಟಿರುತ್ತವೆ. ಒಂದೂ ಎಲೆ ಉಳಿಸದೆ ಬೋಳಿಸಿದರೂ ಹಳೆಯ ತೊಗಟೆಯನ್ನು ಸೀಳಿಕೊಂಡು ಚಿಗುರುತ್ತವೆ. ಜುನಿಪರ್ ಹಾಗಲ್ಲ. ಅದರ ಬಂಡವಾಳದ ಬಹುಪಾಲು ಸೊಪ್ಪಿನಲ್ಲಿಯೇ ಇರುತ್ತದೆ, ಮತ್ತು ಹೊಸ ಬೇರು ಬಿಡಲು ಬೇಕಾದ ಪ್ರಚೋದನೆ ಬೆಳೆಯುವ ತುದಿಗಳಿಂದ ಕೆಳಗಿಳಿದು ಬರುತ್ತದೆ. ಈಗ ಅರ್ಧ ಸೊಪ್ಪು ತೆಗೆದರೆ ಬೇರು ಕಟ್ಟುವ ಕೂಲಿಯವರಲ್ಲಿ ಅರ್ಧ ಜನರನ್ನು ಮನೆಗೆ ಕಳುಹಿಸಿದಂತಾಗುತ್ತದೆ.

ಬೇರು ಕಡಿಮೆಯಾದಾಗ ಸೊಪ್ಪಿನಿಂದ ನೀರು ಆರಿಹೋಗುವುದನ್ನು ತಡೆಯಬೇಕು ಎಂಬ ಮಾತೇನೋ ಸರಿಯೇ. ಅದನ್ನು ಕತ್ತರಿಯ ಬದಲು ನೆರಳಿನಿಂದ ಸಾಧಿಸಬೇಕು. ಏಪ್ರಿಲ್ ತಿಂಗಳ ತಾರಸಿಯಲ್ಲಿ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾಂಕ್ರೀಟಿನ ಕಾವು, ಎರಡೂ ಬಡಿಯುತ್ತವೆ. ಶೇಕಡಾ 50ರ ಶೇಡ್ ನೆಟ್ ಕಟ್ಟಿ, ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ. ಬೆಳಿಗ್ಗೆ, ಸಂಜೆ ಸೊಪ್ಪಿನ ಮೇಲೆ ತೆಳುವಾಗಿ ನೀರು ಚಿಮುಕಿಸಿ. ಇದಕ್ಕೆ ಕಾವೇರಿ ನೀರು ಒಳ್ಳೆಯದು. ಬೋರ್‌ವೆಲ್ ನೀರಾದರೆ ಒಂದೇ ತಿಂಗಳಿನಲ್ಲಿ ಸೊಪ್ಪಿನ ಮೇಲೆ ಸುಣ್ಣ ಬಳಿದಂತೆ ಉಪ್ಪು ಕೂರುತ್ತದೆ.

ಮಣ್ಣಿನ ಮಿಶ್ರಣ ಚೆನ್ನಾಗಿಲ್ಲ. ಗೊಬ್ಬರ ಸೇರಿದ ಕೆಮ್ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಕಡಿದ ಬೇರನ್ನು ಕೊಳೆಸುತ್ತದೆ. ಹಾಗೆಂದು ಈಗ ಮತ್ತೆ ಕಿತ್ತು ಬದಲಾಯಿಸಬೇಡಿ. ಆರು ವಾರಗಳಲ್ಲಿ ಒಂದಿಷ್ಟು ಎಳೆಬೇರು ಹೊರಟಿದ್ದರೆ ಅದೂ ಹರಿದುಹೋಗುತ್ತದೆ. ಡ್ರಮ್ಮಿನ ತಳಕ್ಕೂ, ತಳದಿಂದ ಒಂದಂಗುಲ ಮೇಲೆ ಸುತ್ತಲೂ ಡ್ರಿಲ್ ಹಾಕಿ ಹತ್ತು ಹನ್ನೆರಡು ತೂತುಗಳನ್ನು ಮಾಡಿ, ಒಂದು ಕಡೆ ತುಸು ಓರೆಯಾಗಿ ನಿಲ್ಲಿಸಿ. ದಿನವೂ ಅಭ್ಯಾಸದಂತೆ ನೀರು ಹಾಕಬಾರದು. ಮಸಿ ಉದುರಿಸಿದ ಊದುಬತ್ತಿಯ ಕಡ್ಡಿಯನ್ನು ಹಳೆಯ ಮಣ್ಣಿನ ಮುದ್ದೆಯೊಳಗೆ ನಾಲ್ಕಂಗುಲ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ಕಡ್ಡಿ ತೇವವಾಗಿದ್ದರೆ ಅಂದು ನೀರು ಬೇಡ. ಹೊಸ ಮಣ್ಣು ಒದ್ದೆಯಾಗಿದ್ದು ನಡುವಿನ ಹಳೆಯ ಮುದ್ದೆ ಒಣಗಿರುವುದು ಅಗೆದು ತಂದ ಗಿಡಗಳಲ್ಲಿ ಸಾಮಾನ್ಯ, ಆದ್ದರಿಂದ ಕಡ್ಡಿಯನ್ನು ಅಂಚಿಗಲ್ಲ, ಬುಡದ ಹತ್ತಿರ ಚುಚ್ಚಬೇಕು.

ಹಸಿರಾಗಿದೆ ಎಂಬ ಒಂದೇ ಕಾರಣಕ್ಕೆ ಸಮಾಧಾನ ಪಡಬೇಡಿ. ಜುನಿಪರ್ ಸಾಯುವುದು ಬಹಳ ನಿಧಾನ. ಕತ್ತರಿಸಿ ನೆರಳಿನಲ್ಲಿಟ್ಟ ರೆಂಬೆಯೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಬದುಕಿದೆ ಎಂದು ತಿಳಿಸುವುದು ಹಳೆಯ ಹಸಿರಲ್ಲ, ತುದಿಗಳಲ್ಲಿ ಕಾಣುವ ಎಳೆಯ ತಿಳಿಹಸಿರು. ಅದು ಕಾಣುವ ತನಕ ಗೊಬ್ಬರವನ್ನೂ ಹಾಕಬೇಡಿ. ಎಡಗಡೆಯ ಕೊಂಬೆ ಉಳಿಯಲಾರದು ಎಂದು ನನ್ನ ಅಂದಾಜು. ಜುನಿಪರ್‌ನಲ್ಲಿ ಒಂದೊಂದು ದೊಡ್ಡ ಬೇರು ತನ್ನ ನೇರಕ್ಕೆ ತೊಗಟೆಯ ಅಡಿಯಲ್ಲಿರುವ ಮರದ ಪಟ್ಟಿಯ ಮೂಲಕ ತನ್ನ ಪಾಲಿನ ಕೊಂಬೆಗೆ ನೀರು ಕಳುಹಿಸುತ್ತದೆ. ಕಾಂಡ ತಿರುಚಿದ್ದರೆ ಪಟ್ಟಿಯೂ ತಿರುಚಿಕೊಂಡೇ ಏರುತ್ತದೆ. ನೀವು ಹಾರೆಯಿಂದ ಕಡಿದ ಬೇರು ಆ ಕೊಂಬೆಯದೇ ಇರಬೇಕು. ಅದು ಪೂರ್ತಿ ಕಂದಾದರೂ ಕತ್ತರಿಸದೆ ಹಾಗೆಯೇ ಬಿಡಿ, ಮುಂದೆ ಅದರಿಂದ ಕೆಲಸವಿದೆ.

ಹಜಾರದ ವಿಷಯ: ಜುನಿಪರ್ ಮನೆಯೊಳಗೆ ಬದುಕುವುದಿಲ್ಲ. ಬಾಗಿಲಿನ ಹೊರಗೆ, ಅರ್ಧ ದಿನವಾದರೂ ಬಿಸಿಲು ಬೀಳುವ ಕಡೆ ಇಡಬಹುದು ಎಂದು ಮಾವನವರಿಗೆ ಈಗಲೇ ಹೇಳಿಬಿಡಿ.

ಉತ್ತರ: ಕುಂಡಪ್ರಿಯ, ವಿಜಯನಗರ (ಏಪ್ರಿಲ್ 15)

ಕೆಮ್ಮಣ್ಣು ಅವರ ಮಾತನ್ನು ಒಪ್ಪುತ್ತೇನೆ. ಒಂದು ಸಣ್ಣ ಸಲಹೆ ಸೇರಿಸುವುದಾದರೆ, ಇಡೀ ಗಿಡಕ್ಕೆ ಪಾರದರ್ಶಕ ಪಾಲಿಥೀನ್ ಹೊದಿಸಿದರೆ ತೇವಾಂಶ ಒಳಗೇ ಉಳಿಯುತ್ತದೆ. ನಾನು ದಾಸವಾಳದ ಕಡ್ಡಿಗಳಿಗೆ ಹೀಗೆಯೇ ಮಾಡುತ್ತೇನೆ.

ಉತ್ತರ: ಕೆಮ್ಮಣ್ಣು, ಮಲ್ಲೇಶ್ವರ (ಏಪ್ರಿಲ್ 15)

ದಾಸವಾಳದ ಕಡ್ಡಿಯನ್ನು ನೀವು ಜಗಲಿಯ ನೆರಳಿನಲ್ಲಿ ಇಟ್ಟಿರುತ್ತೀರಿ. ಏಪ್ರಿಲ್‌ನಲ್ಲಿ 34 ಡಿಗ್ರಿಯ ಬಿಸಿಲು ಬೀಳುವ ತಾರಸಿಯಲ್ಲಿ ಪಾಲಿಥೀನ್ ಮುಚ್ಚಿದರೆ ಒಳಗಿನ ಗಿಡ ಇಡ್ಲಿ ಪಾತ್ರೆಯಲ್ಲಿಟ್ಟಂತೆ ಬೇಯುತ್ತದೆ. ಜೊತೆಗೆ, ಗಾಳಿಯಾಡದ ತೇವದಲ್ಲಿ ಜುನಿಪರ್ ತುದಿಗಳಿಗೆ ಶಿಲೀಂಧ್ರ ತಗುಲಿ ಸುಟ್ಟಂತಾಗುವುದುಂಟು. ಶೇಡ್ ನೆಟ್ ಸಾಕು.

ಉತ್ತರ: ನಿವೃತ್ತ ಮೇಷ್ಟ್ರು, ಜಯನಗರ (ಏಪ್ರಿಲ್ 16)

ಇಷ್ಟೆಲ್ಲ ಚರ್ಚೆಗೆ ಮೊದಲು ಅದು ನಿಜವಾಗಿಯೂ ಜುನಿಪರ್ ಹೌದೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಹಳೆಯ ಬಂಗಲೆಗಳ ಅಂಗಳದಲ್ಲಿ ತೂಜಾ ಗಿಡವನ್ನೂ ಹೀಗೆಯೇ ಚೆಂಡಿನಂತೆ ಕತ್ತರಿಸಿ ಬೆಳೆಸಿರುತ್ತಾರೆ, ಅನೇಕರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ತೂಜಾದ ಸೊಪ್ಪು ಬೀಸಣಿಗೆಯಂತೆ ಚಪ್ಪಟೆಯಾಗಿದ್ದು ನೆಟ್ಟಗೆ ನಿಂತಿರುತ್ತದೆ, ಅದರ ಕಾಯಿಗೆ ಸಣ್ಣ ಕೊಕ್ಕೆಗಳಿರುತ್ತವೆ. ಜುನಿಪರ್‌ನ ಎಳೆಯ ರೆಂಬೆಗಳು ಹೆಣೆದ ದಾರದಂತೆ ಗುಂಡಗಿರುತ್ತವೆ. ಕಾಯಿ ಬಿಟ್ಟರೆ ಅದು ಬಟಾಣಿಯಂತೆ ಗುಂಡಗೆ, ನೀಲಿ ಬೂದಿ ಮೆತ್ತಿದಂತೆ ಕಾಣುತ್ತದೆ.

ತಾರಸಿವಾಸಿ, ಹನುಮಂತನಗರ (ಏಪ್ರಿಲ್ 16)

ಮೇಷ್ಟ್ರೇ, ಪರೀಕ್ಷಿಸಿದೆ. ತುದಿಗಳು ದಾರದಂತೆ ಗುಂಡಗಿವೆ. ಒಳಗಿನ ನೆರಳಿನಲ್ಲಿರುವ ಸೊಪ್ಪು ಮಾತ್ರ ಸೂಜಿಯಂತೆ ಚುಚ್ಚುತ್ತದೆ. ಇದು ಎರಡು ಜಾತಿಯ ಕಸಿ ಇರಬಹುದೇ?

ಉತ್ತರ: ನಿವೃತ್ತ ಮೇಷ್ಟ್ರು, ಜಯನಗರ (ಏಪ್ರಿಲ್ 16)

ಕಸಿಯಲ್ಲ. ಚೀನಾ ಮತ್ತು ಜಪಾನ್ ಮೂಲದ ಚೈನೀಸ್ ಜುನಿಪರ್‌ನಲ್ಲಿ ಎಳೆತನದ ಸೂಜಿ ಸೊಪ್ಪು ಮತ್ತು ಪ್ರಾಯದ, ದಾರದಂತೆ ಕಾಣುವ ಹುರುಪೆ ಸೊಪ್ಪು ಎರಡೂ ಒಂದೇ ಗಿಡದಲ್ಲಿ ಇರಬಹುದು. ಬೇರಿಗೆ ಪೆಟ್ಟಾದಾಗ, ಅತಿಯಾಗಿ ಕತ್ತರಿಸಿದಾಗ ಗಿಡ ಮತ್ತೆ ಸೂಜಿ ಸೊಪ್ಪು ಬಿಡುತ್ತದೆ. ಮಳೆಗಾಲದಲ್ಲಿ ಅಂಥ ಚಿಗುರು ಬಂದರೆ ಗಾಬರಿಯಾಗಬೇಡಿ, ಕೀಳಲೂ ಬೇಡಿ. ಗಿಡ ಸುಧಾರಿಸಿದಂತೆ ಅದೇ ದಾರದಂಥ ಸೊಪ್ಪಾಗುತ್ತದೆ.

ಉತ್ತರ: ಕೆಮ್ಮಣ್ಣು, ಮಲ್ಲೇಶ್ವರ (ಏಪ್ರಿಲ್ 17)

ಮರೆತ ಎರಡು ಮಾತುಗಳು. ಒಣ ಬಿಸಿಲಿನ ಈ ತಿಂಗಳುಗಳಲ್ಲಿ ಸೊರಗಿದ ಜುನಿಪರ್‌ಗೆ ನುಸಿ ಬೀಳುತ್ತದೆ. ಬಿಳಿಯ ಕಾಗದವನ್ನು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ. ಉದುರಿದ ಧೂಳಿನಲ್ಲಿ ಚುಕ್ಕೆಗಳು ಓಡಾಡಿದರೆ ನುಸಿ ಇದೆ ಎಂದರ್ಥ. ಮೂರು ನಾಲ್ಕು ದಿನಗಳಿಗೊಮ್ಮೆ ಪೈಪಿನಿಂದ ಸೊಪ್ಪಿನ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಾಗೆ ಹೊಡೆಯುವಾಗ ಡ್ರಮ್ಮಿನ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿರಲಿ, ಇಲ್ಲವಾದರೆ ಮಣ್ಣು ಕೆಸರಾಗುತ್ತದೆ.

ಇನ್ನೊಂದು, ಆಷಾಢದ ಗಾಳಿ. ಜೂನ್, ಜುಲೈನಲ್ಲಿ ತಾರಸಿಯ ಮೇಲೆ ಬೀಸುವ ಗಾಳಿಗೆ ಕಾಂಡ ಒಂದು ಕೂದಲೆಳೆಯಷ್ಟು ಅಲುಗಾಡಿದರೂ ಆಗಷ್ಟೇ ಹೊರಟ ಬೇರಿನ ತುದಿಗಳು ಮುರಿಯುತ್ತವೆ. ಕಾಂಡಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲಿನಿಂದ ಮೂರು ದಿಕ್ಕಿಗೆ ಹುರಿ ಎಳೆದು ಡ್ರಮ್ಮಿನ ಅಂಚಿಗೆ ಬಿಗಿಯಾಗಿ ಕಟ್ಟಿ. ನಾನು ಅಗೆದು ತಂದ ಮೊದಲ ಜುನಿಪರ್ ಸತ್ತದ್ದು ನೀರಿನಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ. ಪ್ರತಿದಿನ ಬೆಳಿಗ್ಗೆ ಬೇರು ಹಿಡಿದಿದೆಯೇ ಎಂದು ನಾನು ಅಲ್ಲಾಡಿಸಿ ನೋಡುತ್ತಿದ್ದುದರಿಂದ.

ತಾರಸಿವಾಸಿ, ಹನುಮಂತನಗರ (ಮರುವರ್ಷ, ಅಕ್ಟೋಬರ್ 20)

ಹದಿನೆಂಟು ತಿಂಗಳ ಬಳಿಕ ವರದಿ ಒಪ್ಪಿಸುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ನೀವು ಹೇಳಿದಂತೆ ಏನನ್ನೂ ಕತ್ತರಿಸಲಿಲ್ಲ. ಎಡಗಡೆಯ ಕೊಂಬೆ ಮೊದಲ ವರ್ಷದ ಜೂನ್ ಹೊತ್ತಿಗೆ ಪೂರ್ತಿ ಕಂದಾಯಿತು, ಅದರ ಬುಡದಿಂದ ಮಣ್ಣಿನವರೆಗೆ ಎರಡು ಬೆರಳಗಲದ ತೊಗಟೆ ಒಳಕ್ಕೆ ಕುಸಿದು ಒಣಗಿತು. ಉಳಿದ ಕಡೆ ಜುಲೈ ಕೊನೆಯಲ್ಲಿ ತಿಳಿಹಸಿರು ತುದಿಗಳು ಕಂಡವು, ಮೇಷ್ಟ್ರು ಎಚ್ಚರಿಸಿದ್ದ ಸೂಜಿ ಸೊಪ್ಪೂ ಬಂತು. ಆ ಬಳಿಕ ಶೇಡ್ ನೆಟ್ಟನ್ನು ಹಂತಹಂತವಾಗಿ ತೆಗೆದೆ, ಹೊಂಗೆ ಹಿಂಡಿಯನ್ನು ತಿಂಗಳಿಗೊಂದು ಹಿಡಿಯಂತೆ ಹಾಕಿದೆ. ಈ ವರ್ಷ ಕೆಲವು ತುದಿಗಳು ಒಂದು ಗೇಣು ಉದ್ದ ಬೆಳೆದಿವೆ. ಗೃಹಪ್ರವೇಶವೂ ಗಿಡದಂತೆಯೇ ನಿಧಾನವಾಗಿ ಶ್ರಾವಣದಿಂದ ಮಾಘಕ್ಕೆ ಹೋಗಿದೆ. ಈಗಲಾದರೂ ಆಕಾರ ಕೊಡಬಹುದೇ? ಚೆಂಡಿನಂತೆ ಕತ್ತರಿಸಿದ್ದರಿಂದ ಸೊಪ್ಪೆಲ್ಲ ಹೊರಗಿನ ಚಿಪ್ಪಿನಲ್ಲಿದೆ, ಒಳಗೆ ಬರೀ ಬೋಳು ಕೊಂಬೆಗಳು.

ಉತ್ತರ: ಕೆಮ್ಮಣ್ಣು, ಮಲ್ಲೇಶ್ವರ (ಅಕ್ಟೋಬರ್ 21)

ಬಹಳ ಸಂತೋಷ. ಒಂದು ಗೇಣಿನ ಬೆಳವಣಿಗೆ ಇದ್ದರೆ ಕೆಳಗೆ ಬೇರು ಚೆನ್ನಾಗಿ ಹರಡಿದೆ ಎಂದೇ ಅರ್ಥ. ಆಕಾರ ಕೊಡಲು ಅಡ್ಡಿಯಿಲ್ಲ. ಮಳೆ ಹಿಂದಾಗಿ ಹವೆ ಒಣಗಿದ ಮೇಲೆ, ನವೆಂಬರ್ ಕೊನೆಯಿಂದ ಜನವರಿಯೊಳಗೆ ಮಾಡಿ. ಜಪಾನಿನ ಪುಸ್ತಕಗಳಲ್ಲಿರುವ ಮಾಸಗಳ ಪಟ್ಟಿಯನ್ನು ಇಲ್ಲಿಗೆ ಅನ್ವಯಿಸಲಾಗದು. ಹಿಮವೇ ಬೀಳದ, ಚಳಿಗಾಲದ ರಾತ್ರಿಯಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ನಮ್ಮ ಊರಿನಲ್ಲಿ ಜುನಿಪರ್ ಪೂರ್ತಿ ನಿದ್ರೆಗೆ ಜಾರುವುದಿಲ್ಲ. ಕುಂಡ ಬದಲಾಯಿಸುವ ಕೆಲಸವನ್ನು ಮಾತ್ರ ಇದೇ ಸಲ ಮಾಡಬೇಡಿ. ಗೃಹಪ್ರವೇಶಕ್ಕೆ ಗಿಡ ನೀಲಿ ಡ್ರಮ್ಮಿನಲ್ಲಿಯೇ ಹೋಗಲಿ. ಅಂದಗೆಡುತ್ತದೆ ಎನಿಸಿದರೆ ಸುತ್ತ ಗೋಣಿತಟ್ಟು ಕಟ್ಟಿ.

ಮೊದಲು ಬುಡದ ಮಣ್ಣನ್ನು ಒಂದೆರಡು ಅಂಗುಲ ಕೆರೆದು ಬೇರು ಎಲ್ಲಿಂದ ಕವಲೊಡೆಯುತ್ತದೆ ಎಂದು ಕಂಡುಕೊಳ್ಳಿ. ಗಿಡದ ಮುಖ ಯಾವುದು ಎಂಬುದನ್ನು ಸೊಪ್ಪಿನಿಂದಲ್ಲ, ಬುಡದಿಂದ ನಿರ್ಧರಿಸಬೇಕು. ಒಣಗಿದ ಆ ತೊಗಟೆಯ ಪಟ್ಟಿ ಎದುರಿಗೆ, ತುಸು ಎಡಕ್ಕೆ ಕಾಣುವಂತೆ ತಿರುಗಿಸಿ ನೋಡಿ. ಸತ್ತ ಮರ ಮತ್ತು ಜೀವಂತ ತೊಗಟೆ ಅಕ್ಕಪಕ್ಕದಲ್ಲಿ ತಿರುಚಿಕೊಂಡು ಏರುವುದೇ ಜುನಿಪರ್ ಬೋನ್ಸಾಯಿಯ ಸೊಗಸು. ಜಪಾನೀಯರು ಸತ್ತ ಕೊಂಬೆಯನ್ನು ಜಿನ್ ಎಂದೂ, ಕಾಂಡದ ಮೇಲಿನ ಸತ್ತ ಪಟ್ಟಿಯನ್ನು ಶಾರಿ ಎಂದೂ ಕರೆಯುತ್ತಾರೆ. ಅನೇಕರು ಅದನ್ನು ಉಳಿಯಿಂದ ಕೆತ್ತಿ ಸೃಷ್ಟಿಸುತ್ತಾರೆ. ನಿಮಗೆ ಪಾಯದ ಕಲ್ಲು ಮತ್ತು ಹಾರೆ ಸೇರಿ ಅದನ್ನು ಕೊಟ್ಟಿವೆ. ಒಣಗಿದ ತೊಗಟೆಯನ್ನಷ್ಟೇ ಸುಲಿಯಿರಿ. ಅಂಚಿನಲ್ಲಿ ಹಸಿ ತೊಗಟೆ ಸಿಕ್ಕಿದೊಡನೆ ನಿಲ್ಲಿಸಿ. ಸತ್ತ ಕೊಂಬೆಯನ್ನು ಗರಗಸದಿಂದ ನೇರವಾಗಿ ಕೊಯ್ಯದೆ, ಬೇಕಾದ ಉದ್ದಕ್ಕೆ ಪ್ಲೈಯರ್‌ನಿಂದ ಹಿಡಿದು ನಾರು ನಾರಾಗಿ ಸೀಳಿ ಎಳೆದರೆ ಗಾಳಿಗೆ ಮುರಿದಂತೆ ಸಹಜವಾಗಿ ಕಾಣುತ್ತದೆ.

ಸೊಪ್ಪಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಬೋಳು ಕೊಂಬೆಯ ಮೇಲೆ ಜುನಿಪರ್ ಮತ್ತೆ ಚಿಗುರುವುದಿಲ್ಲವಾದ್ದರಿಂದ, ಸೊಪ್ಪು ಪೂರ್ತಿ ಕಳೆದುಕೊಂಡ ಕೊಂಬೆ ಸತ್ತಂತೆಯೇ. ಒಳಗೆ ಎಲ್ಲಿಯಾದರೂ ಸಣ್ಣದೊಂದು ಹಸಿರು ಕವಲು ಇದ್ದರೆ ಅದು ಚಿನ್ನಕ್ಕೆ ಸಮ. ಅದಕ್ಕೆ ಬೆಳಕು ತಲುಪುವಂತೆ ಹೊರಗಿನ ಚಿಪ್ಪನ್ನು ಅಲ್ಲಲ್ಲಿ ತೆಳುವಾಗಿಸಿ. ಕೊಂಬೆಯ ಅಡಿಗೆ ಜೋತುಬಿದ್ದವನ್ನೂ ಕವಲಿನ ಸಂದಿಯಲ್ಲಿ ಒತ್ತಾಗಿ ಬೆಳೆದವನ್ನೂ ಮೊದಲು ತೆಗೆಯಿರಿ. ತುದಿಗಳನ್ನು ಉಗುರಿನಿಂದ ಚಿವುಟುವ ಹಳೆಯ ರೂಢಿಯನ್ನು ಬಿಟ್ಟುಬಿಡಿ. ಎಲ್ಲ ತುದಿಗಳನ್ನೂ ಚಿವುಟಿದರೆ ಗಿಡ ನಿತ್ರಾಣವಾಗುತ್ತದೆ. ಉದ್ದ ಓಡಿದ ರೆಂಬೆಯನ್ನು ಮಾತ್ರ ಕತ್ತರಿಯಿಂದ, ಒಳಗಿನ ಕವಲೊಂದರ ಬುಡಕ್ಕೆ ಕತ್ತರಿಸಿ.

ಹೊರಗಿರುವ ಸೊಪ್ಪನ್ನು ಕಾಂಡದ ಹತ್ತಿರಕ್ಕೆ ತರಲು ಉಳಿದಿರುವ ದಾರಿ ಕೊಂಬೆಯನ್ನು ಬಾಗಿಸುವುದು. ಹೊಸಬರಿಗೆ ಅಲ್ಯೂಮಿನಿಯಂ ತಂತಿ ಸುಲಭ. ದಪ್ಪ ಕೊಂಬೆಗಳಿಗೆ ತಾಮ್ರವೇ ಬೇಕು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹಳೆಯ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಕಾಯಿಸಿ ಆರಿಸಿದರೆ ಮೆತ್ತಗಾಗುತ್ತದೆ. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೆಯ ಒಂದು ಭಾಗದಷ್ಟಿರಲಿ, ಸುತ್ತು 45 ಡಿಗ್ರಿ ಓರೆಯಲ್ಲಿ ಇರಲಿ. ಹೆಬ್ಬೆರಳಿಗಿಂತ ದಪ್ಪದ ಕೊಂಬೆಗೆ ಮೊದಲು ನೀರಿನಲ್ಲಿ ನೆನೆಸಿದ ಬಾಳೆನಾರನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ತಂತಿ ಸುತ್ತಿ, ಒಂದೇ ದಿನ ಪೂರ್ತಿ ಬಾಗಿಸದೆ ವಾರಕ್ಕಿಷ್ಟರಂತೆ ಎಳೆಯಿರಿ. ಚಟ್ ಎಂಬ ಸದ್ದು ಬಂದರೆ ಅಲ್ಲಿಗೇ ಬಿಡಿ. ಇಲ್ಲಿ ವರ್ಷವಿಡೀ ಬೆಳವಣಿಗೆ ಇರುವುದರಿಂದ ತಂತಿ ಬೇಗನೆ ತೊಗಟೆಗೆ ಕಚ್ಚುತ್ತದೆ, ಜುನಿಪರ್ ಕೊಂಬೆಯೋ ಆಕಾರ ಹಿಡಿಯಲು ನಿಧಾನ. ಎರಡು ತಿಂಗಳಿಗೊಮ್ಮೆ ಪರಿಶೀಲಿಸಿ, ಕಚ್ಚುತ್ತಿದ್ದರೆ ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ ತೆಗೆದು, ಬೇರೆ ಜಾಗದಲ್ಲಿ ಮತ್ತೆ ಸುತ್ತಬೇಕಾಗುತ್ತದೆ.

ಕುಂಡಕ್ಕೆ ಇಳಿಸುವುದು ಅದರ ಮುಂದಿನ ವರ್ಷ. ಆಗಲೂ ಹಳೆಯ ಕೆಮ್ಮಣ್ಣನ್ನು ಒಂದು ಪಕ್ಕದಿಂದ ಮಾತ್ರ ಬಿಡಿಸಿ, ಮತ್ತೊಂದು ಪಕ್ಕವನ್ನು ಎರಡು ವರ್ಷ ಬಿಟ್ಟು ಮುಟ್ಟಿ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, 3ರಿಂದ 6 ಮಿಲಿಮೀಟರ್ ಗಾತ್ರದ ಚೂರುಗಳನ್ನು ಇಟ್ಟುಕೊಂಡು ಪುಡಿಯನ್ನು ಎಸೆದರೆ ಮಿಶ್ರಣದ ಮುಕ್ಕಾಲು ಭಾಗ ಸಿದ್ಧವಾಯಿತು.

ಉತ್ತರ: ಕುಂಡಪ್ರಿಯ, ವಿಜಯನಗರ (ಅಕ್ಟೋಬರ್ 21)

ಸತ್ತ ಭಾಗ ಮಳೆಗಾಲದಲ್ಲಿ ಕೊಳೆಯುವುದಿಲ್ಲವೇ?

ಉತ್ತರ: ನಿವೃತ್ತ ಮೇಷ್ಟ್ರು, ಜಯನಗರ (ಅಕ್ಟೋಬರ್ 22)

ಮಣ್ಣಿಗೆ ತಾಗುವ ಕಡೆ ಖಂಡಿತ ಕೊಳೆಯುತ್ತದೆ. ಅದಕ್ಕಾಗಿ ಸುಣ್ಣ ಮತ್ತು ಗಂಧಕವನ್ನು ಕುದಿಸಿ ತಯಾರಿಸುವ ದ್ರಾವಣವನ್ನು ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಳಿಯುತ್ತಾರೆ. ಮರವನ್ನು ತುಸು ಒದ್ದೆ ಮಾಡಿಕೊಂಡು ಕುಂಚದಿಂದ ಹಚ್ಚಿದರೆ ಒಳಗೆ ಇಳಿಯುತ್ತದೆ. ಹಚ್ಚುವಾಗ ಹಳದಿಯಾಗಿದ್ದು ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಹಸಿ ತೊಗಟೆಗೂ ಮಣ್ಣಿಗೂ ತಾಗದಂತೆ ಬಟ್ಟೆ ಮುಚ್ಚಿ, ಕೈಗವಸು ಹಾಕಿಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಇಡೀ ದಿನ ಇರುತ್ತದೆ, ಆದ್ದರಿಂದ ಪಕ್ಕದ ಮನೆಯವರು ತಾರಸಿಯಲ್ಲಿ ಹಪ್ಪಳ ಒಣಗಿಸುವ ದಿನ ಮಾಡದಿರುವುದು ಕ್ಷೇಮ.

ತಾರಸಿವಾಸಿ, ಹನುಮಂತನಗರ (ಅಕ್ಟೋಬರ್ 22)

ಎಲ್ಲರಿಗೂ ಧನ್ಯವಾದಗಳು. ಬುಡವನ್ನು ಇಂದೇ ಕೆರೆದು ನೋಡಿದೆ. ಗೋಡೆಯ ಕಡೆಯ ಕಡಿದ ಬೇರಿನ ಮೊಂಡು ಮೆತ್ತಗಾಗಿದೆ. ಉಳಿದ ಮೂರು ಬೇರುಗಳು ದಪ್ಪವಾಗಿ ಹೊರಚಾಚಿವೆ. ಒಣಗಿದ ಪಟ್ಟಿಯ ಎರಡೂ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೇನೆ. ಬಾಳೆನಾರಿಗೆ ಗಾಂಧಿ ಬಜಾರಿನ ಹೂವಿನವರ ಬಳಿ ಹೇಳಿಟ್ಟಿದ್ದೇನೆ. ಮಾಲಿಯೂ ನೋಡಲು ಬಂದಿದ್ದ. ಸುಮ್ಮನೆ ಎರಡು ಸುತ್ತು ಹಾಕಿ, ಸತ್ತ ಕೊಂಬೆಯನ್ನು ಇನ್ನೂ ಏಕೆ ಕತ್ತರಿಸಿಲ್ಲ ಎಂದು ಕೇಳಿದ.